ಸೆಲಿಗ್‌ಮನ್ ಮೊದಲೋ, ಚಿಕ್‌ಸೆಂಟ್‌ಮಿಹಾಯಿ ಮೊದಲೋ?

ಸಕಾರಾತ್ಮಕ ಮನೋವಿಜ್ಞಾನ, ಅಂದರೆ ಬದುಕು ಚೆನ್ನಾಗಿರಲು ಏನು ಬೇಕೆಂದು ಹುಡುಕುವ ಶಾಸ್ತ್ರ, ಓದಲು ಹೊರಟವರಿಗೆ ಮೊದಲು ಸಿಗುವ ಹೆಸರುಗಳು ಇವೆರಡು. 2000ರಲ್ಲಿ ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯ ವಿಶೇಷ ಸಂಚಿಕೆಯನ್ನು ಇಬ್ಬರೂ ಸೇರಿ ತಂದರು. ಆದರೂ ದಾರಿ ಬೇರೆ ಬೇರೆ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್‌ಮನ್ ಇಡೀ ಕ್ಷೇತ್ರದ ನಕ್ಷೆ ಕೊಡುತ್ತಾರೆ: ಒಳ್ಳೆಯ ಭಾವ, ತಲ್ಲೀನತೆ, ಸಂಬಂಧ, ಅರ್ಥ, ಸಾಧನೆ. ಪರೀಕ್ಷೆಗೆ ಓದುವವರು ಇವರನ್ನೇ ಹಿಡಿಯಲಿ.

ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಬೆನ್ನುಹತ್ತಿದ್ದು ಮುಖ್ಯವಾಗಿ ತಲ್ಲೀನತೆಯನ್ನು. ಷಿಕಾಗೋದಲ್ಲಿ ಜನರ ಕೈಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಏನು ಮಾಡುತ್ತಿದ್ದೀರಿ, ಹೇಗನಿಸುತ್ತಿದೆ ಎಂದು ಬರೆಸಿಕೊಂಡರು. ಸವಾಲು ಕೌಶಲಕ್ಕೆ ಸರಿಹೊಂದಿದರೆ ಮನಸ್ಸು ಕೆಲಸದಲ್ಲಿ ಮುಳುಗುತ್ತದೆ. ಸವಾಲು ಹೆಚ್ಚಾದರೆ ಆತಂಕ, ಕಡಿಮೆಯಾದರೆ ಬೇಸರ. ಮೇಷ್ಟ್ರು, ಕಲಾವಿದರು, ಆಟಗಾರರು ಇಲ್ಲಿಂದಲೇ ಶುರುಮಾಡಿ. ನನ್ನ ಒಲವೂ ಇತ್ತಲೇ. ಹಳೆಯ ನೆನಪನ್ನು ಕೆದಕದೆ, ನಡೆಯುತ್ತಿರುವ ಗಳಿಗೆಯನ್ನೇ ಹಿಡಿದಿಟ್ಟ ಆ ವಿಧಾನ ನನಗೆ ಇಂದಿಗೂ ಬೆರಗು.