ಕರಾರು ಕಾಗದ ಎಲ್ಲಾ ಕ್ಲೌಡಿಗೆ, ಸಹಿ ಫೋನಲ್ಲಿ: ಒಂದೂವರೆ ವರ್ಷ ಬಳಸಿದ್ಮೇಲೆ ನನ್ನ ರಿವ್ಯೂ

ನಮ್ದು ಆರು ಜನರ ಚಿಕ್ಕ ಬಿಸಿನೆಸ್, ಮಷೀನ್ ಸರ್ವಿಸ್ ಕೆಲಸ. ಎಎಂಸಿ (ವರ್ಷಕ್ಕಿಷ್ಟು ಅಂತ ಮಷೀನ್ ನೋಡ್ಕೊಳ್ಳೋ) ಕರಾರು, ಸಪ್ಲೈಯರ್‌ಗಳ ಜೊತೆ ರೇಟ್ ಅಗ್ರಿಮೆಂಟು, ಜಾಗದ ಬಾಡಿಗೆ ಪತ್ರ, ಕೆಲಸಕ್ಕೆ ಸೇರಿದೋರ ಆಫರ್ ಲೆಟರು, ಹಿಂಗೆ ವರ್ಷಾನುಗಟ್ಲೆ ಸೇರ್ಕೊಂಡು ಎರಡು ಬೀರು ತುಂಬಿತ್ತು, ಕೂತು ಎಣಿಸಿದಾಗ 412 ಕರಾರು ಸಿಕ್ವು. ಒಂದೂವರೆ ವರ್ಷದ ಹಿಂದೆ ಅದನ್ನೆಲ್ಲ ಸ್ಕ್ಯಾನ್ ಮಾಡಿ ಕ್ಲೌಡಿಗೆ ಏರಿಸಿ, ಹೊಸ ಕರಾರಿಗೆಲ್ಲ ಇ-ಸೈನ್, ಅಂದ್ರೆ ಲಿಂಕ್ ಕಳ್ಸಿ ಫೋನಲ್ಲೋ ಕಂಪ್ಯೂಟರಲ್ಲೋ ಸಹಿ ಹಾಕ್ಸೋದು, ಶುರು ಮಾಡಿದ್ವಿ. ಸ್ಟೋರೇಜಿಗೆ ಗೂಗಲ್ ಡ್ರೈವ್ ಬಿಸಿನೆಸ್ ಪ್ಲಾನು, ಸಹಿಗೆ ಮೊದ್ಲು ಒಂದು ಸರ್ವಿಸ್ಸು, ಹತ್ತು ತಿಂಗಳಾದ್ಮೇಲೆ ಅದನ್ನ ಬಿಟ್ಟು ಇನ್ನೊಂದು. ನಮ್ಮ ಹಾಗೆ ಐಟಿ ಡಿಪಾರ್ಟ್‌ಮೆಂಟ್ ಅಂತ ಯಾರೂ ಇಲ್ಲದೇ ಇರೋ ಕಡೆ ಇದನ್ನ ಮಾಡೋಕ್ ಹೊರಟೋರಿಗೆ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದ್ಲು ಖುಷಿಯ ವಿಷ್ಯ. ಒಂದು ಕರಾರಿಗೆ ಸಹಿ ಆಗಿ ವಾಪಸ್ ಬರೋಕೆ ಮುಂಚೆ ಎರಡು ವಾರ ಹಿಡೀತಿತ್ತು, ಪ್ರಿಂಟ್ ತೆಗಿ, ಕೊರಿಯರ್ ಮಾಡು, ಅವ್ರ ಸಾಹೇಬ್ರು ಊರಲ್ಲಿಲ್ಲ ಅಂತ ಕಾಯಿ, ವಾಪಸ್ ಬಂದಾಗ ನೋಡಿದ್ರೆ ಮೂರನೇ ಪುಟಕ್ಕೆ ಸಹಿ ಬಿಟ್ಟೋಗಿರತ್ತೆ, ಮತ್ತೆ ಕಳ್ಸು. ಈಗ ಬೆಳಿಗ್ಗೆ ಕಳ್ಸಿದ್ರೆ ಎಷ್ಟೋ ಸಲ ಸಾಯಂಕಾಲದೊಳಗೆ ಬಂದಿರತ್ತೆ. ಎಲ್ಲೆಲ್ಲಿ ಸಹಿ ಬೇಕೋ ಅಲ್ಲಿ ಬಾಕ್ಸ್ ಇಟ್ಟು ಕಳ್ಸಿದ್ರೆ ಎಲ್ಲಾ ತುಂಬೋವರ್ಗೂ ಮುಗಿಸೋಕೇ ಬಿಡಲ್ಲ, ಇದೊಂದೇ ನಮ್ಗೆ ಎಷ್ಟು ಓಡಾಟ ಉಳಿಸ್ತು ಅಂತ ಹೇಳೋಕಾಗಲ್ಲ. ಯಾರು ಮೊದ್ಲು ಯಾರು ಆಮೇಲೆ ಅಂತ ಆರ್ಡರ್ ಹಾಕ್ಬೋದು, ಮರೆತೋರಿಗೆ ಮೂರು ದಿನಕ್ಕೊಂದು ಸಲ ಅದೇ ನೆನಪಿಸತ್ತೆ.

ಇನ್ನು ಕಾನೂನಲ್ಲಿ ನಡೆಯತ್ತಾ ಅಂತ ಎಲ್ರೂ ಕೇಳೋ ಪ್ರಶ್ನೆ. ನಡೆಯತ್ತೆ, ಇದೇನು ನಿನ್ನೆ ಮೊನ್ನೆ ಬಂದಿದ್ದಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಇ-ಕಾಮರ್ಸ್‌ಗೆ 1996ರಲ್ಲೇ ಒಂದು ಮಾದರಿ ಕಾನೂನು ಮಾಡ್ತು, ಇ-ಸಹಿಗೆ 2001ರಲ್ಲಿ ಇನ್ನೊಂದು. ಭಾರತದ ಐಟಿ ಕಾಯ್ದೆ, ಅಮೆರಿಕದ ಇ-ಸೈನ್ ಕಾಯ್ದೆ ಎರಡೂ 2000ದ್ದು, ಯುರೋಪಿನ ಇಐಡಾಸ್ ನಿಯಮ 2014ರಲ್ಲಿ ಬಂದು 2016ರ ಜುಲೈಯಿಂದ ಸಹಿಗಳಿಗೆ ಜಾರಿಯಾಯ್ತು. ಆದ್ರೆ ಎಲ್ಲಾ ಕಾಗದಕ್ಕೂ ಅಲ್ಲ, ವಿಲ್ ಥರದ್ದನ್ನ ಬಹಳ ಕಡೆ ಹೊರಗಿಟ್ಟಿದಾರೆ, ಆಸ್ತಿ ಪತ್ರ ಪವರ್ ಆಫ್ ಅಟಾರ್ನಿ ಇಂಥವು ಒಂದೊಂದು ದೇಶದಲ್ಲಿ ಒಂದೊಂದು ಥರ, ಅದಕ್ಕೆ ನಿಮ್ಮ ವಕೀಲರನ್ನ ಕೇಳ್ಕೊಂಡೇ ಮುಂದೆ ಹೋಗಿ. ನಾವು ಕೇಳಿದಾಗ ಅವ್ರು ಒಂದು ಮಾತು ಹೇಳಿದ್ರು, ಸಹಿ ಸ್ಕ್ರೀನಿನ ಮೇಲೆ ಹಾಕಿದ್ದು ಅನ್ನೋದು ತಕರಾರಲ್ಲ, ತಕರಾರು ಬಂದಾಗ ಅದನ್ನ ಇವ್ರೇ ಹಾಕಿದ್ದು ಅಂತ ತೋರ್ಸೋಕೆ ನಿಮ್ಹತ್ರ ಏನಿದೆ ಅನ್ನೋದೇ ಪ್ರಶ್ನೆ ಅಂತ. ಆಗ ತಲೆ ಆಡಿಸಿ ಬಂದೆ, ಅದು ಪೂರ್ತಿ ಅರ್ಥ ಆಗಿದ್ದು ಒಂದು ವರ್ಷ ಆದ್ಮೇಲೆ.

ಆಗಿದ್ದಿಷ್ಟು. ಮೊದಲ್ನೇ ಇ-ಸೈನ್ ಸರ್ವಿಸ್ಸು ಬಳಸೋಕೆ ಚೆನ್ನಾಗೇ ಇತ್ತು, ಆದ್ರೆ ತಿಂಗಳಿಗೆ ಇಷ್ಟೇ ಡಾಕ್ಯುಮೆಂಟು ಅನ್ನೋ ಮಿತಿ ನಮ್ಗೆ ಸಾಲ್ತಿರ್ಲಿಲ್ಲ, ಸರಿ ಬದಲಾಯಿಸೋಣ ಅಂತ ಪ್ಲಾನ್ ನಿಲ್ಲಿಸಿದ್ವಿ. ಸಹಿಯಾದ ಪಿಡಿಎಫ್ ಎಲ್ಲಾ ಇಮೇಲಲ್ಲಿ ಬಂದಿತ್ತು, ಡ್ರೈವಲ್ಲೂ ಇತ್ತು, ಅದಕ್ಕೆ ನಿಶ್ಚಿಂತೆಯಾಗಿದ್ವಿ. ಎರಡು ತಿಂಗಳಾದ್ಮೇಲೆ ಒಂದು ಗಿರಾಕಿ ಕಂಪನಿಯ ಹೊಸ ಮ್ಯಾನೇಜರ್ರು ಈ ಸಹಿ ನಮ್ಮೋರು ಯಾವಾಗ ಹಾಕಿದ್ದು, ಯಾವ ಮೇಲ್ ಐಡಿಯಿಂದ ಹಾಕಿದ್ದು ತೋರ್ಸಿ ಅಂತ ಕೇಳಿದ್ರು, ಜಗಳಕ್ಕಲ್ಲ, ಅವ್ರ ಆಡಿಟ್‌ಗೆ ಬೇಕಿತ್ತು. ತೆಗೆದು ನೋಡಿದ್ರೆ ಪಿಡಿಎಫ್ ಕೊನೇಲಿ ಬರೀ ಸಹಿಯ ಚಿತ್ರ ಮತ್ತೆ ಒಂದು ಉದ್ದನೇ ನಂಬರು ಅಷ್ಟೇ ಇದೆ. ಯಾವಾಗ ಲಿಂಕ್ ಹೋಯ್ತು, ಯಾವಾಗ ತೆರೆದ್ರು, ಯಾವ ಐಪಿ ವಿಳಾಸದಿಂದ (ಇಂಟರ್ನೆಟ್ಟಲ್ಲಿ ಆ ಸಂಪರ್ಕದ ನಂಬರು), ಯಾವ ಸೆಕೆಂಡಿಗೆ ಸಹಿ ಹಾಕಿದ್ರು ಅನ್ನೋ ಆಡಿಟ್ ಟ್ರೇಲ್ ಸರ್ಟಿಫಿಕೇಟು ಬೇರೆ ಫೈಲಂತೆ, ಅದನ್ನ ನಾವೇ ಲಾಗಿನ್ ಆಗಿ ಒಂದೊಂದಾಗಿ ಡೌನ್‌ಲೋಡ್ ಮಾಡ್ಕೊಬೇಕಿತ್ತಂತೆ. ನಮ್ಮ ಅಕೌಂಟ್ ಅಷ್ಟೊತ್ತಿಗೆ ಮುಚ್ಚಿತ್ತು. 38 ಕರಾರಿಗೆ ಸರ್ಟಿಫಿಕೇಟ್ ನಮ್ಹತ್ರ ಇಲ್ಲ.

ಸಪೋರ್ಟಿಗೆ ಬರೆದೆ, ಹನ್ನೊಂದು ದಿನ ಬೇಕಾಯ್ತು ಉತ್ತರ ಬರೋಕೆ, ಕೊನೆಗೆ ಒಂದು ಜಿಪ್ ಫೈಲು ಕಳ್ಸಿದ್ರು. ತೆರೆದ್ರೆ ಯಾವ ಫೈಲಿಗೂ ಗಿರಾಕಿ ಹೆಸರಿಲ್ಲ, ಎಲ್ಲಾ ಬರೀ ಅಂಕಿ ಅಕ್ಷರದ ಸಾಲು. ನಮ್ಮ ಅಕೌಂಟ್ಸ್ ನೋಡ್ಕೊಳ್ಳೋ ಹುಡುಗಿ ಎರಡು ದಿನ ಕೂತು, ಪಿಡಿಎಫ್ ಕೆಳಗಿರೋ ನಂಬರು ಓದಿ ಓದಿ ಒಂದೊಂದನ್ನೇ ಜೋಡಿಸಿದ್ಲು. ಎಲ್ಲಾ ಸಿಕ್ತು, ಪುಣ್ಯ. ಆದ್ರೆ ಆ ಹನ್ನೊಂದು ದಿನ ನಂಗೆ ಸರಿಯಾಗಿ ನಿದ್ದೆ ಇರ್ಲಿಲ್ಲ. ಅದಕ್ಕೇ ಹೇಳ್ತಿದೀನಿ, ಇ-ಸೈನಲ್ಲಿ ನಾವು ದುಡ್ಡು ಕೊಡೋದೇ ಆ ಸರ್ಟಿಫಿಕೇಟಿಗೆ. ಯಾವ ಸರ್ವಿಸ್ಸೇ ತಗೊಳ್ಳಿ, ಟ್ರಯಲ್‌ನಲ್ಲೇ ಒಂದು ಡಾಕ್ಯುಮೆಂಟಿಗೆ ಸಹಿ ಮಾಡ್ಸಿ, ಆಡಿಟ್ ಟ್ರೇಲ್ ಎಲ್ಲಿ ಬರತ್ತೆ, ಪಿಡಿಎಫ್ ಒಳಗೇನಾ ಬೇರೆನಾ, ಎಲ್ಲಾ ಒಟ್ಟಿಗೆ ಎಕ್ಸ್‌ಪೋರ್ಟ್ ಆಗತ್ತಾ, ಪ್ಲಾನ್ ನಿಲ್ಲಿಸಿದ್ರೆ ಎಷ್ಟು ದಿನ ಇಟ್ಟಿರ್ತಾರೆ, ಇಷ್ಟು ನೋಡ್ಕೊಂಡೇ ದುಡ್ಡು ಕಟ್ಟಿ. ನಮ್ಮ ಎರಡ್ನೇ ಸರ್ವಿಸ್ಸಲ್ಲಿ ಈ ತೊಂದ್ರೆ ಇಲ್ಲ, ಅದು ಸರ್ಟಿಫಿಕೇಟನ್ನ ಕರಾರಿನ ಕೊನೇ ಪುಟವಾಗಿ ಸೇರ್ಸಿ ಕೊಡತ್ತೆ, ಸಹಿ ಮುಗಿದ ತಕ್ಷಣ ಕಾಪಿ ತಾನೇ ಡ್ರೈವಿಗೆ ಬಂದು ಕೂರತ್ತೆ.

ಇನ್ನೊಂದು ವಿಷ್ಯ ನಾನೇ ಕೈಯಾರೆ ಮಾಡಿ ನೋಡಿದ್ದು. ಇಂಥ ಸರ್ವಿಸ್ಸುಗಳು ಮುಗಿದ ಪಿಡಿಎಫ್‌ಗೆ ಡಿಜಿಟಲ್ ಸೀಲ್ ಹಾಕ್ತವೆ. ಅಂದ್ರೆ ಫೈಲಿನ ಒಟ್ಟು ವಿಷಯದಿಂದ ಒಂದು ಹ್ಯಾಶ್, ಅಂದ್ರೆ ಬೆರಳಚ್ಚಿನಂಥ ಗುರುತು, ಲೆಕ್ಕ ಹಾಕಿ ತೆಗೀತಾರೆ, ಎಸ್‌ಎಚ್‌ಎ-256 ಅನ್ನೋ ವಿಧಾನ ಆದ್ರೆ ಅದು 64 ಅಕ್ಷರ ಅಂಕಿಗಳ ಒಂದು ಸಾಲು, ಅದನ್ನ ಅವ್ರ ಗುಟ್ಟಿನ ಕೀಯಿಂದ ಸಹಿ ಮಾಡಿ ಫೈಲಿನೊಳಗೇ ಇಡ್ತಾರೆ. ಫೈಲಲ್ಲಿ ಒಂದು ಅಲ್ಪವಿರಾಮ ಬದಲಾದ್ರೂ ಹ್ಯಾಶ್ ಪೂರ್ತಿ ಬೇರೆ ಬರತ್ತೆ. ನಾನು ಒಂದು ಕಾಪಿ ತಗೊಂಡು ಮೊತ್ತದಲ್ಲಿ ಒಂದೇ ಒಂದು ಅಂಕಿ ತಿದ್ದಿ ತೆರೆದು ನೋಡ್ದೆ, ಮೇಲ್ಗಡೆ ಪಟ್ಟೀಲಿ ಸಹಿ ಆದ್ಮೇಲೆ ಈ ಡಾಕ್ಯುಮೆಂಟ್ ಬದಲಾಗಿದೆ, ಸಹಿ ಸರಿಯಿಲ್ಲ ಅಂತ ಎಚ್ಚರಿಕೆ ಬಂತು. ಕಾಗದದಲ್ಲಿ ಮಧ್ಯದ ಒಂದು ಹಾಳೆ ಬದಲಾಯಿಸಿದ್ರೆ ಯಾರಿಗ್ ಗೊತ್ತಾಗತ್ತೆ ಹೇಳಿ, ಅದಕ್ಕೇ ತಾನೇ ಪುಟ ಪುಟಕ್ಕೂ ಸಹಿ ಹಾಕ್ಸೋದು. ಆದ್ರೆ ಹುಷಾರು, ನಮ್ಮ ಆಫೀಸಲ್ಲೇ ಒಬ್ರು ಅನುಬಂಧ ಸೇರ್ಸೋಕೆ ಅಂತ ಸಹಿಯಾದ ಫೈಲನ್ನ ತೆರೆದು ಪ್ರಿಂಟ್ ಟು ಪಿಡಿಎಫ್ ಕೊಟ್ಟು ಎರಡನ್ನೂ ಒಂದು ಮಾಡಿಟ್ಟಿದ್ರು, ನೋಡೋಕೆ ಹಂಗೇ ಇರತ್ತೆ, ಸಹಿ ಚಿತ್ರಾನೂ ಇರತ್ತೆ, ಸೀಲ್ ಮಾತ್ರ ಹೋಗಿರತ್ತೆ. ಒರಿಜಿನಲ್ ಫೈಲು ಬೇರೆ ಇತ್ತು ಅಂತ ಬಚಾವಾದ್ವಿ. ಈಗ ಸಹಿಯಾದ ಫೈಲುಗಳ ಫೋಲ್ಡರಲ್ಲಿ ಇಬ್ರಿಗೆ ಬಿಟ್ಟು ಮಿಕ್ಕೋರಿಗೆಲ್ಲ ನೋಡೋ ಪರ್ಮಿಷನ್ ಮಾತ್ರ.

ಸ್ಕ್ಯಾನಿಂಗ್ ಬಗ್ಗೆ ಹೇಳಿದ್ರೆ, ನಾವು ಅಂದ್ಕೊಂಡಿದ್ದಕ್ಕಿಂತ ಇದೇ ದೊಡ್ಡ ಕೆಲಸ. ಪಿನ್ ಬಿಚ್ಚು, ಮಡಿಸಿದ ಮೂಲೆ ಸರಿ ಮಾಡು, ಅಂಟ್ಕೊಂಡಿರೋ ಹಾಳೆ ಬಿಡಿಸು, 412 ಕರಾರಿಗೆ ಮೂರು ವಾರ ಹಿಡೀತು. 300 ಡಿಪಿಐ (ಒಂದಿಂಚಿಗೆ ಅಷ್ಟು ಚುಕ್ಕಿ) ಸಾಕು, ಚಿತ್ರದಲ್ಲಿರೋ ಅಕ್ಷರ ಓದೋ ಓಸಿಆರ್ ಹಾಕ್ಸಿದ್ರೆ ಒಳಗಿನ ಪದ ಹುಡುಕ್ಬೋದು, ಕೈಬರಹ ಮಾತ್ರ ಅದಕ್ಕೆ ಅಷ್ಟಾಗಿ ಸಿಗಲ್ಲ. ಬಹಳ ವರ್ಷ ಇಡೋದಕ್ಕೆ ಪಿಡಿಎಫ್/ಎ ಅಂತಿದೆ, 2005ರಿಂದ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ, ಫಾಂಟು ಗೀಂಟು ಎಲ್ಲಾ ಫೈಲೊಳಗೇ ಇರತ್ತೆ, ಸ್ಕ್ಯಾನರ್ ಸೆಟ್ಟಿಂಗಲ್ಲಿ ಅದಿದ್ರೆ ಅದನ್ನೇ ಆರ್ಸಿ.

ಒಂದು ಮಾತ್ರ ಮರೀಬೇಡಿ, ಎರಡೂ ಕಡೆ ಸ್ಕ್ಯಾನ್ ಮಾಡಿ. ನಮ್ಮ ಒಂದು ಹಳೇ ಸಪ್ಲೈ ಅಗ್ರಿಮೆಂಟಲ್ಲಿ ಏಳನೇ ಹಾಳೆ ಹಿಂದ್ಗಡೆ, ನೀಲಿ ಪೆನ್ನಲ್ಲಿ, ಹಣ ಪಾವತಿ 45 ದಿನ ಅನ್ನೋದನ್ನ 30 ಅಂತ ಓದಿಕೊಳ್ಳೋದು ಅಂತ ಬರೆದು ಎರಡೂ ಕಡೆಯೋರು ಚಿಕ್ಕ ಸಹಿ ಹಾಕಿದ್ರು. ಮೊದಲ ಸುತ್ತಲ್ಲಿ ನಾವು ಒಂದೇ ಕಡೆ ಸ್ಕ್ಯಾನ್ ಮಾಡಿದ್ವಿ. ಆ ಸಪ್ಲೈಯರ್ರು ಹಿರಿಯರು, ಫೋನ್ ಮಾಡಿ, ಸರ್, ನಾವು ಮೂವತ್ತು ದಿನ ಅಂತ ಬರ್ಕೊಂಡಿದ್ವಲ್ಲ, ನಿಮ್ಮ ಹುಡುಗ್ರು ನಲವತ್ತೈದು ಅಂತಿದಾರೆ ಅಂದ್ರು. ಕಂಪ್ಯೂಟರಲ್ಲಿ ನೋಡಿದ್ರೆ 45. ಬೀರು ತೆಗೆದು ಹಾಳೆ ತಿರುಗಿಸಿದ್ರೆ ಅವ್ರು ಹೇಳಿದ್ದೇ ಸರಿ. ಅವತ್ತೇ ಕ್ಷಮೆ ಕೇಳಿ ದುಡ್ಡು ಕಳ್ಸಿದ್ವಿ, ಮಾರನೇ ದಿನದಿಂದ ಎಲ್ಲಾ 412ನ್ನೂ ಮತ್ತೆ ಕೈಯಲ್ಲಿ ತಿರುಗಿಸಿ ನೋಡಿದ್ವಿ, ಇನ್ನೂ 9 ಕರಾರಲ್ಲಿ ಹಿಂದ್ಗಡೆ ಬರಹ ಇತ್ತು. ಸ್ಕ್ಯಾನ್ ಆಯ್ತು ಅಂತ ಕಾಗದ ಚೂರು ಮಾಡಿ ಬಿಸಾಕಿದ್ರೆ ಏನ್ ಗತಿ ಆಗ್ತಿತ್ತು ಅಂತ ಈಗ್ಲೂ ಅನ್ಸತ್ತೆ.

ಡ್ರೈವ್ ಬಗ್ಗೆ ನಂಗೆ ಒಳ್ಳೇ ಅಭಿಪ್ರಾಯಾನೇ ಇದೆ, ಹುಡುಕಾಟ ಬಹಳ ಚೆನ್ನಾಗಿದೆ, ಸ್ಕ್ಯಾನ್ ಪಿಡಿಎಫ್ ಒಳಗಿನ ಹೆಸರು ಟೈಪ್ ಮಾಡಿದ್ರೂ ಹುಡುಕಿ ಕೊಡತ್ತೆ. ಫೈಲುಗಳನ್ನ ಯಾರದೋ ಒಬ್ಬರ ಮೈ ಡ್ರೈವಲ್ಲಿ ಇಡದೆ ಶೇರ್ಡ್ ಡ್ರೈವಲ್ಲಿ ಇಡಿ, ಮೈ ಡ್ರೈವ್ ಆದ್ರೆ ಮಾಲೀಕರು ಆ ವ್ಯಕ್ತಿ, ಶೇರ್ಡ್ ಆದ್ರೆ ಫೈಲು ಸಂಸ್ಥೆಯದ್ದು, ಕೆಲಸ ಬಿಟ್ಟು ಹೋದೋರ ಜೊತೆ ಕರಾರುಗಳೂ ಹೋಗಲ್ಲ. ಟ್ರ್ಯಾಶಿಗೆ ಹಾಕಿದ್ದು 30 ದಿನ ಆದ್ಮೇಲೆ ತಾನಾಗೇ ಅಳಿಸೋಗತ್ತೆ ಅನ್ನೋದು ಗೊತ್ತಿರ್ಲಿ, ಅಂದ್ರೆ ಕ್ಲೌಡಲ್ಲಿದೆ ಅಂದ್ರೆ ಬ್ಯಾಕಪ್ ಇದೆ ಅಂತಲ್ಲ. ನಾವು ಪ್ರತಿ ತಿಂಗಳು 1ನೇ ತಾರೀಖು ಎಲ್ಲಾ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ ಆಫೀಸಿಂದ ಹೊರಗೆ ಇಡ್ತೀವಿ. ಟೂ-ಸ್ಟೆಪ್ ಲಾಗಿನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಪರಿಶೀಲನೆ) ಆರೂ ಜನಕ್ಕೂ ಕಡ್ಡಾಯ, ಲಿಂಕ್ ಇದ್ದೋರೆಲ್ಲ ನೋಡ್ಬೋದು ಅನ್ನೋ ಶೇರಿಂಗ್ ಪೂರ್ತಿ ಬಂದ್.

ಫೈಲ್ ಹೆಸರು ವರ್ಷ-ತಿಂಗಳು-ದಿನ ಮೊದ್ಲು, ಆಮೇಲೆ ಪಾರ್ಟಿ ಹೆಸರು, ಆಮೇಲೆ ಕರಾರಿನ ಬಗೆ. ತಾರೀಖು ಹಿಂಗೆ ಮುಂದಿದ್ರೆ ತಾನಾಗೇ ವರಸೆಯಾಗಿ ಕೂರತ್ತೆ. ಇದರ ಜೊತೆಗೆ ಒಂದು ಸ್ಪ್ರೆಡ್‌ಶೀಟು, ಯಾವ ಕರಾರು ಯಾವತ್ತು ಮುಗಿಯತ್ತೆ, ಎಷ್ಟು ದಿನ ಮುಂಚೆ ನೋಟಿಸ್ ಕೊಡ್ಬೇಕು ಅಂತ. ತಾನಾಗೇ ರಿನ್ಯೂ ಆಗೋ ಕರಾರು ನಮ್ಮಲ್ಲಿ 14 ಇದ್ವು, ಅದ್ರಲ್ಲಿ 3 ನಮ್ಗೆ ಬೇಡವೇ ಬೇಡ, ಬೀರಲ್ಲಿದ್ದಾಗ ಯಾರ ಕಣ್ಣಿಗೂ ಬೀಳ್ದೆ ವರ್ಷ ವರ್ಷ ದುಡ್ಡು ಹೋಗ್ತಿತ್ತು.

ಸಹಿ ಹಾಕೋರ ಕಡೆಯಿಂದ ನೋಡಿದ್ರೆ ಮುಕ್ಕಾಲುವಾಸಿ ಜನಕ್ಕೆ ಏನೂ ತೊಂದ್ರೆ ಆಗ್ಲಿಲ್ಲ. ವಯಸ್ಸಾದ ಇಬ್ರು ಗಿರಾಕಿಗಳು ಲಿಂಕ್ ಒತ್ತೋಕೆ ಭಯ ಪಟ್ರು, ಅವ್ರು ಭಯ ಪಡೋದು ಸರಿನೇ, ಇಂಥದ್ದೇ ವೇಷದ ಮೋಸದ ಮೇಲ್‌ಗಳು ಬರ್ತಾನೇ ಇರ್ತವೆ. ಅದಕ್ಕೆ ಮೊದ್ಲು ಫೋನ್ ಮಾಡಿ, ಇಂಥ ಹೆಸರಿನ ಮೇಲ್ ಇಷ್ಟೊತ್ತಿಗೆ ಬರತ್ತೆ ಅಂತ ಹೇಳೇ ಕಳ್ಸ್ತೀವಿ, ಅಷ್ಟಾದ್ಮೇಲೂ ಬೇಡ ಅಂದೋರಿಗೆ ಕಾಗದದಲ್ಲೇ ಮಾಡ್ಕೊಡ್ತೀವಿ, ಒತ್ತಾಯ ಇಲ್ಲ.

ಸ್ಟಾರ್ ಕೊಡೋದಾದ್ರೆ ಡ್ರೈವಿಗೆ 5ಕ್ಕೆ 4, ಈಗಿನ ಇ-ಸೈನ್ ಸರ್ವಿಸ್ಸಿಗೆ 4, ಮೊದಲ್ನೇದಕ್ಕೆ 2. ಕಾಗದದ ಒರಿಜಿನಲ್‌ಗಳನ್ನ ಇನ್ನೂ ಬಿಸಾಕಿಲ್ಲ, ಎರಡು ಬೀರು ಇದ್ದಿದ್ದು ಒಂದಾಗಿದೆ, ಅವಧಿ ಮುಗಿದು ವಕೀಲರು ಸರಿ ಅಂದ್ಮೇಲೆ ಒಂದೊಂದೇ ತೆಗೀತಿದೀವಿ.