ಗೊಟೆಕ್ ಫ್ಲಾಪಿ ಎಮ್ಯುಲೇಟರ್: ಬಿಬಿಸಿ ಮೈಕ್ರೋದಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಫ್ಲಾಪಿ ಡ್ರೈವ್ ಇದ್ದ ಜಾಗದಲ್ಲಿ ಕೂತು, ಪೆನ್ ಡ್ರೈವ್‌ನಲ್ಲಿರುವ ಫೈಲುಗಳನ್ನೇ ಫ್ಲಾಪಿಗಳೆಂದು ಕಂಪ್ಯೂಟರನ್ನು ನಂಬಿಸುವ ಗೊಟೆಕ್ ಎಂಬ ಸಾಧನವನ್ನು ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಧಾರಾಳವಾಗಿ ಕೊಳ್ಳಿ, ಆದರೆ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಬಳಸಬೇಡಿ, ಮತ್ತು ಇದು ಬಂತೆಂದು ಹಳೆಯ ಡ್ರೈವನ್ನು ಗುಜರಿಗೆ ಹಾಕಬೇಡಿ. ಬೆಂಗಳೂರಿನ ನನ್ನ ಮನೆಯಲ್ಲಿರುವ ಬಿಬಿಸಿ ಮೈಕ್ರೋ ಮಾಡೆಲ್ ಬಿ ಎಂಬ ಹಳೆಯ ಕಂಪ್ಯೂಟರಿಗೆ ಇದನ್ನು ಜೋಡಿಸಿ ಕೆಲವು ವರ್ಷಗಳಾಗಿವೆ.

ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಈ ಯಂತ್ರದಲ್ಲಿರುವುದು 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್ ಮತ್ತು 32 ಕೆಬಿ ಮೆಮೊರಿ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಆರಂಭಿಸಿದ ‘ಕ್ಲಾಸ್’ ಯೋಜನೆಗೆ ಆರಿಸಿಕೊಂಡದ್ದು ಇದನ್ನೇ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಇದರ ಭಾರತೀಯ ರೂಪವನ್ನೂ ತಂದಿತ್ತು. ಯಂತ್ರ ಗಟ್ಟಿಮುಟ್ಟಾದದ್ದೇ, ಸೋಲುವುದು ಫ್ಲಾಪಿಗಳು. ನಮ್ಮ ಊರಿನ ಮಳೆಗಾಲದ ತೇವಕ್ಕೆ 5.25 ಇಂಚಿನ ಫ್ಲಾಪಿಯ ಮೇಲ್ಮೈಯಲ್ಲಿ ಬಿಳಿಯ ಬೂಷ್ಟು ಚುಕ್ಕೆಚುಕ್ಕೆಯಾಗಿ ಹರಡುತ್ತದೆ. ಹಾಗೆಯೇ ಡ್ರೈವಿಗೆ ತೂರಿಸಿದರೆ ಬೂಷ್ಟು ಫ್ಲಾಪಿಯನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಫ್ಲಾಪಿಯನ್ನೂ ಕೆರೆಯುತ್ತದೆ. ಹೊಸ ಫ್ಲಾಪಿ ತರೋಣವೆಂದರೆ ಸೋನಿ ಕಂಪನಿ 3.5 ಇಂಚಿನವುಗಳ ತಯಾರಿಕೆಯನ್ನೇ 2011ರಲ್ಲಿ ನಿಲ್ಲಿಸಿದೆ, 5.25 ಇಂಚಿನವಂತೂ ಅದಕ್ಕೂ ಮುಂಚೆಯೇ ಅಂಗಡಿಗಳಿಂದ ಮರೆಯಾಗಿದ್ದವು.

ಕಾರ್ಖಾನೆಯಿಂದ ಬರುವ ಗೊಟೆಕ್‌ನ ಮೂಲ ತಂತ್ರಾಂಶಕ್ಕೆ ಪಿಸಿ ಮಾದರಿಯ ಫ್ಲಾಪಿಗಳನ್ನು ಬಿಟ್ಟರೆ ಬೇರೇನೂ ಅರ್ಥವಾಗದು. ಆದ್ದರಿಂದ ಕೀರ್ ಫ್ರೇಸರ್ ಅವರು ಉಚಿತವಾಗಿ ಕೊಟ್ಟಿರುವ ಫ್ಲ್ಯಾಶ್‌ಫ್ಲಾಪಿ ಎಂಬ ತಂತ್ರಾಂಶವನ್ನು ಅದರೊಳಗೆ ತುಂಬುವುದು ಮೊದಲ ಕೆಲಸ. ಎರಡೂ ತುದಿಯಲ್ಲಿ ದೊಡ್ಡ ಯುಎಸ್‌ಬಿ ಪ್ಲಗ್ ಇರುವ ಕೇಬಲ್ ಒಂದಿದ್ದರೆ ಲ್ಯಾಪ್‌ಟಾಪಿನಿಂದಲೇ ಇದು ಮುಗಿಯುತ್ತದೆ. ಒಮ್ಮೆ ತುಂಬಿದ ಮೇಲೆ ಹೊಸ ಆವೃತ್ತಿಗಳನ್ನು ಪೆನ್ ಡ್ರೈವಿಗೆ ಹಾಕಿ, ಎರಡೂ ಗುಂಡಿಗಳನ್ನು ಒತ್ತಿಹಿಡಿದು ವಿದ್ಯುತ್ ಕೊಟ್ಟರೆ ಸಾಕು. ಮಾರುವವರು ಹೇಳದ ಸಂಗತಿಯೊಂದಿದೆ. ಮೊದಮೊದಲ ಗೊಟೆಕ್‌ಗಳಲ್ಲಿ ಎಸ್‌ಟಿಎಂ32 ಚಿಪ್ ಇರುತ್ತಿತ್ತು, ಆಮೇಲಿನವುಗಳಲ್ಲಿ ಆರ್ಟರಿ ಕಂಪನಿಯ ಚಿಪ್ ಬಂದಿದೆ. ಹೊರಗಿನ ಪೆಟ್ಟಿಗೆ ನೋಡಿದರೆ ಇದು ತಿಳಿಯದು. ಫ್ಲ್ಯಾಶ್‌ಫ್ಲಾಪಿಯ ಹಳೆಯ ಆವೃತ್ತಿಗಳು ಆರ್ಟರಿ ಚಿಪ್ಪಿನಲ್ಲಿ ಓಡುವುದಿಲ್ಲವಾದ್ದರಿಂದ, ಮುಚ್ಚಳ ಬಿಚ್ಚಿ ಚಿಪ್ಪಿನ ಮೇಲಿನ ಅಕ್ಷರಗಳನ್ನು ಓದಿಕೊಂಡೇ ಮುಂದುವರಿಯಬೇಕು.

ಜೋಡಣೆ ಸುಲಭ. ಬಿಬಿಸಿ ಮೈಕ್ರೋದ ಅಡಿಭಾಗದಲ್ಲಿ ಡಿಸ್ಕ್ ಡ್ರೈವಿಗೆಂದೇ 34 ಪಿನ್ನಿನ ಕನೆಕ್ಟರ್ ಮತ್ತು 5 ವೋಲ್ಟ್ ಕೊಡುವ ಸಾಕೆಟ್ ಎರಡೂ ಇವೆ. ಗೊಟೆಕ್‌ಗೆ 12 ವೋಲ್ಟ್ ಬೇಕಾಗಿಯೇ ಇಲ್ಲ. ಇಲ್ಲಿ ನೇರ ಕೇಬಲ್ ಬಳಸುವುದರಿಂದ ಗೊಟೆಕ್‌ನ ಜಂಪರನ್ನು, ಅಂದರೆ ಪಿನ್ನುಗಳನ್ನು ಕೂಡಿಸುವ ಪುಟ್ಟ ಕ್ಲಿಪ್ಪನ್ನು, ಎಸ್0 ಸ್ಥಾನದಲ್ಲಿಡಬೇಕು. ಹಳೆಯ ಪಿಸಿಯ ನಡುವೆ ತಿರುಚಿದ ಕೇಬಲ್‌ಗಾದರೆ ಎಸ್1 ಸ್ಥಾನ ಸರಿ. ಆದರೆ ವಿದ್ಯುತ್ ಕೊಡುವ ಮುನ್ನ ಯಂತ್ರದ ಪವರ್ ಸಪ್ಲೈ ಬಿಚ್ಚಿ ನೋಡುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಅದರೊಳಗೆ ರಿಫಾ ಕಂಪನಿಯ ಹಳದಿ ಛಾಯೆಯ ಪಾರದರ್ಶಕ ಕೆಪಾಸಿಟರ್‌ಗಳು ಇರುತ್ತವೆ. ಅವುಗಳ ಹೊರಕವಚದಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಿ, ಒಳಗಿನ ಕಾಗದ ತೇವ ಹೀರಿಕೊಂಡು, ಒಂದು ದಿನ ಕೆಟ್ಟ ವಾಸನೆಯ ಹೊಗೆಯೊಂದಿಗೆ ಸಿಡಿಯುತ್ತವೆ. ಅಷ್ಟೇ ಮೌಲ್ಯದ, ಮನೆಯ ವಿದ್ಯುತ್ತಿಗೆ ನೇರ ಜೋಡಿಸಲು ತಕ್ಕ ಎಕ್ಸ್2 ದರ್ಜೆಯ ಕೆಪಾಸಿಟರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ.

ದಿನನಿತ್ಯದ ಬಳಕೆಯಲ್ಲಿ ನನಗೆ ಬೇಸರ ತರಿಸಿದ್ದು ಮುಂಭಾಗದ ಮೂರಂಕಿಯ ಕೆಂಪು ಪರದೆ. ಫ್ಲಾಪಿಯಲ್ಲಿ ಫೈಲುಗಳನ್ನು ಇಡುವ ಏಕಾರ್ನ್‌ನ ಡಿಎಫ್‌ಎಸ್ ವ್ಯವಸ್ಥೆಯಲ್ಲಿ 80 ಟ್ರ್ಯಾಕಿನ (ವೃತ್ತಾಕಾರದ ಸಾಲುಗಳ) ಫ್ಲಾಪಿಯ ಒಂದು ಬದಿಗೆ ಹಿಡಿಸುವುದು ಬರೀ 200 ಕೆಬಿ, ಅದೂ ಗರಿಷ್ಠ 31 ಫೈಲು. ಹಾಗಾಗಿ ಚಿಕ್ಕದೊಂದು ಪೆನ್ ಡ್ರೈವಿನಲ್ಲೇ ನೂರಾರು ಫ್ಲಾಪಿಗಳು ಸೇರಿಕೊಳ್ಳುತ್ತವೆ, ಮತ್ತು ಪರದೆಯಲ್ಲಿ ‘047’ ಎಂದು ಕಂಡರೆ ಅದು ಯಾವ ಫ್ಲಾಪಿ ಎಂದು ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗದ ಮಾತು. ಆ ಪರದೆಯನ್ನು ಕಿತ್ತು ಚಿಕ್ಕ ಓಎಲ್ಇಡಿ ಪರದೆ ಮತ್ತು ತಿರುಗಿಸುವ ಗುಬುಟನ್ನು ಬೆಸುಗೆ ಹಾಕಿಕೊಂಡ ಮೇಲೆ ಫೈಲಿನ ಹೆಸರೇ ಕಾಣುತ್ತದೆ. ಗುಬುಟು ತಿರುಗಿಸಿ, ಆರಿಸಿ, ಶಿಫ್ಟ್ ಹಿಡಿದು ಬ್ರೇಕ್ ಒತ್ತಿದರೆ ಪ್ರೋಗ್ರಾಂ ಏಳುತ್ತದೆ. ಪುಟ್ಟ ಸ್ಪೀಕರ್ ಜೋಡಿಸಿದರೆ ಹಳೆಯ ಡ್ರೈವಿನ ಹೆಡ್ಡಿನಂತೆ ಟಕಟಕ ಸದ್ದು ಮಾಡುವ ಸೌಲಭ್ಯವೂ ಇದೆ. ಇದು ಶುದ್ಧ ಶೋಕಿ, ನಾನೂ ಹಾಕಿಸಿಕೊಂಡಿದ್ದೇನೆ.

ದೂರುಗಳೂ ಇವೆ. ನನಗೆ ಬಂದ ಗೊಟೆಕ್‌ನ ಯುಎಸ್‌ಬಿ ಸಾಕೆಟ್ಟಿಗೆ ಬೆಸುಗೆ ತೆಳುವಾಗಿತ್ತು. ಪೆನ್ ಡ್ರೈವನ್ನು ಹಾಕಿ ತೆಗೆಯುತ್ತಿದ್ದಂತೆ ಸಾಕೆಟ್ ಅಲುಗಾಡತೊಡಗಿ, ಪೆನ್ ಡ್ರೈವ್ ಒಮ್ಮೆ ಕಂಡು ಒಮ್ಮೆ ಕಾಣದಾಯಿತು. ಪಕ್ಕದ ಲೋಹದ ಕಾಲುಗಳಿಗೆ ಹೆಚ್ಚು ಬೆಸುಗೆ ತುಂಬಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಮಾರಾಟಗಾರರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಪ್ರೋಗ್ರಾಂ ಉಳಿಸಿದ ಕೂಡಲೇ ಯಂತ್ರವನ್ನು ಬಂದ್ ಮಾಡದೆ, ಗೊಟೆಕ್ ಪೆನ್ ಡ್ರೈವಿಗೆ ಬರೆದು ಮುಗಿಸುವವರೆಗೆ ಒಂದೆರಡು ಕ್ಷಣ ಕಾಯುವುದು ಕ್ಷೇಮ. ಕರೆಂಟು ಯಾವಾಗ ಹೋಗುವುದೋ ತಿಳಿಯದ ಬಡಾವಣೆಯಲ್ಲಿರುವವರು ಯುಪಿಎಸ್ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಗೊಟೆಕ್‌ಗೆ ನಿಜವಾದ ಫ್ಲಾಪಿಯನ್ನು ಓದಲು ಬಾರದು. ಶಾಲೆಯ ಬೀರುವಿನಿಂದಲೋ ಅಟ್ಟದಿಂದಲೋ ಹೊರಬಂದ ಫ್ಲಾಪಿಯಲ್ಲಿ ಯಾರೋ ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಇದ್ದರೆ, ಅದು ಅಂತರಜಾಲದಲ್ಲಿ ಎಲ್ಲೂ ಸಿಗುವ ವಸ್ತುವಲ್ಲ. ಅದನ್ನು ಹೊರತೆಗೆಯಲು ನಿಜವಾದ ಡ್ರೈವೇ ಬೇಕು. ಅಂಥ ಡ್ರೈವಿಗೆ ಇದೇ ಫ್ರೇಸರ್ ಅವರ ಗ್ರೀಸ್‌ವೀಝಲ್ ಬೋರ್ಡನ್ನು ಜೋಡಿಸಿದರೆ ಫ್ಲಾಪಿಯ ಕಾಂತೀಯ ಗುರುತುಗಳೇ ಲ್ಯಾಪ್‌ಟಾಪಿಗೆ ಇಳಿಯುತ್ತವೆ, ಅವುಗಳಿಂದ ಸಿದ್ಧವಾದ ಫೈಲನ್ನು ಗೊಟೆಕ್ ಸರಾಗವಾಗಿ ಓಡಿಸುತ್ತದೆ. ಇಂಥ ಫ್ಲಾಪಿಗಳು ಕೈಯಲ್ಲಿರುವವರು ಮೊದಲು ದುಡ್ಡು ಹಾಕಬೇಕಾದದ್ದು ಆ ಬೋರ್ಡಿಗೆ ಮತ್ತು ಸುಸ್ಥಿತಿಯ ಡ್ರೈವೊಂದಕ್ಕೆ; ಗೊಟೆಕ್ ಮುಂದಿನ ತಿಂಗಳು ಬಂದರೂ ನಡೆಯುತ್ತದೆ.