ಕಟ್, ಆಕ್, ಸೆಡ್, ಪರ್ಲ್: ಒಂದೇ ಪಟ್ಟಿಯನ್ನು ನಾಲ್ಕಕ್ಕೂ ಕೊಟ್ಟು ನೋಡಿದೆ

ಪುಸ್ತಕಗಳ ಒಂದು ಪಟ್ಟಿ ನನ್ನ ಕೈಗೆ ಬಂತು. ಸಾದಾ ಟೆಕ್ಸ್ಟ್ ಫೈಲು, ಸುಮಾರು ಆರು ಸಾವಿರ ಸಾಲು. ಪ್ರತಿ ಸಾಲಿನಲ್ಲೂ ಪುಸ್ತಕದ ನಂಬರು, ಪ್ರಕಟವಾದ ವರ್ಷ, ಹೆಸರು, ಪುಟಗಳ ಸಂಖ್ಯೆ. ಉದಾಹರಣೆಗೆ 1043, ಆಮೇಲೆ 1987, ಆಮೇಲೆ ಮೂರು ಪದದ ಒಂದು ಹೆಸರು, ಕೊನೆಗೆ 248. ನಡುವೆ ಸ್ಪೇಸ್‌ಗಳು. ಒಂದು ಕಡೆ ಒಂದು, ಇನ್ನೊಂದು ಕಡೆ ಐದು.

ನನಗೆ ವರ್ಷ ಮೊದಲು ಬೇಕಿತ್ತು. ಆಮೇಲೆ ನಂಬರು, ಪುಟ, ಕೊನೆಗೆ ಹೆಸರು. ನಡುವೆ ಒಂದೊಂದೇ ಟ್ಯಾಬ್. ಕಮಾಂಡ್ ಲೈನಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಡೆ, ಇದು ಒಂದೇ ಸಾಲಿನ ಕೆಲಸ. ಆದರೆ ಯಾವ ಟೂಲು? ಟೆಕ್ಸ್ಟ್ ಫೈಲಿನ ಸಾಲುಗಳನ್ನು ಕತ್ತರಿಸಲು, ಬದಲಿಸಲು ಕಟ್ (cut), ಆಕ್ (awk), ಸೆಡ್ (sed), ಪರ್ಲ್ (perl) ನಾಲ್ಕೂ ಇವೆ. ಸುಮ್ನೆ ವಾದ ಮಾಡುವ ಬದಲು ನಾಲ್ಕರಲ್ಲೂ ಮಾಡಿ ನೋಡೋಣ ಅಂತ ಕೂತೆ.

ಮೊದಲು ಕಟ್. ಕಲಿಯಲು ಐದು ನಿಮಿಷ ಸಾಕು. ಮೈನಸ್ ಡಿ (-d) ಅಂದರೆ ಯಾವ ಗುರುತಿನ ಹತ್ತಿರ ಕತ್ತರಿಸಬೇಕು ಅಂತ, ಮೈನಸ್ ಎಫ್ ಅಂದರೆ ಎಷ್ಟನೇ ತುಂಡು ಬೇಕು ಅಂತ. ತೊಂದರೆ ಶುರುವಾಗಿದ್ದು ಸ್ಪೇಸ್‌ಗಳಿಂದ. ಎರಡು ಸ್ಪೇಸ್ ಒಟ್ಟಿಗೆ ಬಂದರೆ ನಡುವೆ ಒಂದು ಖಾಲಿ ಕಾಲಂ ಇದೆ ಅಂತ ಕಟ್ ಲೆಕ್ಕ ಹಾಕುತ್ತದೆ. ಹಾಗಾಗಿ ಮೊದಲು, ಅಕ್ಷರಗಳನ್ನು ಬದಲಿಸುವ, ಅಳಿಸುವ ಟೂಲಾದ ಟಿಆರ್‌ಗೆ ಮೈನಸ್ ಎಸ್ ಕೊಟ್ಟು ಸ್ಪೇಸ್‌ಗಳನ್ನು ಒಂದೊಂದಕ್ಕೆ ಇಳಿಸಬೇಕು. ಅದಾದ ಮೇಲೆ ಇನ್ನೊಂದು ಗೋಡೆ. ಎರಡನೆಯದನ್ನು ಮೊದಲು, ಒಂದನೆಯದನ್ನು ಆಮೇಲೆ ಕೊಡು ಅಂತ 2,1 ಎಂದು ಬರೆದರೂ ಕಟ್ ಕೊಡುವುದು 1, 2 ಅಂತಲೇ. ಕಾಲಂಗಳ ಜಾಗ ಬದಲಿಸುವುದು ಅದಕ್ಕೆ ಬರುವುದಿಲ್ಲ. ಕೊನೆಯಿಂದ ಎಣಿಸುವುದೂ ಬರುವುದಿಲ್ಲ. ಅಲ್ಲಿಗೆ ನನ್ನ ಕೆಲಸಕ್ಕೆ ಕಟ್ ಹೊರಗೆ ಹೋಯಿತು.

ಆದರೆ ಟ್ಯಾಬ್ ಹಾಕಿದ ಫೈಲಾಗಿದ್ದರೆ ನಾನು ಈಗಲೂ ಕಟ್ ಅನ್ನೇ ಹಿಡಿಯುತ್ತೇನೆ. ಅದರ ಡೀಫಾಲ್ಟ್ ಗುರುತೇ ಟ್ಯಾಬ್. 3ರ ಮುಂದೆ ಒಂದು ಅಡ್ಡಗೆರೆ ಹಾಕಿದರೆ ಮೂರನೆಯದರಿಂದ ಕೊನೆಯವರೆಗೆ ಇದ್ದದ್ದು ಇದ್ದಹಾಗೆ ಬರುತ್ತದೆ. ಆಕ್‌ನಲ್ಲಿ ಇದು ಇಷ್ಟು ಸಲೀಸಲ್ಲ.

ಈಗ ಆಕ್. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಲ್ಫ್ರೆಡ್ ಏಹೋ, ಪೀಟರ್ ವೈನ್‌ಬರ್ಗರ್, ಬ್ರಯನ್ ಕರ್ನಿಹನ್ ಸೇರಿ ಮಾಡಿದ್ದು. ಮೂವರ ಹೆಸರಿನ ಮೊದಲಕ್ಷರ ಸೇರಿಯೇ ಆಕ್. ಇದು ಪ್ರತಿ ಸಾಲನ್ನೂ ಕಾಲಂಗಳಾಗಿಯೇ ನೋಡುತ್ತದೆ. ಸ್ಪೇಸ್ ಒಂದಿರಲಿ ಐದಿರಲಿ, ತಾನೇ ಒಂದು ಮಾಡಿಕೊಳ್ಳುತ್ತದೆ. ಡಾಲರ್ 2 ($2) ಅಂದರೆ ಎರಡನೆಯ ಕಾಲಂ, ಅಂದರೆ ವರ್ಷ, ಡಾಲರ್ ಎನ್‌ಎಫ್ ಅಂದರೆ ಕೊನೆಯ ಕಾಲಂ, ಅಂದರೆ ಪುಟ (ಎನ್‌ಎಫ್ ಅಂದರೆ ಸಾಲಿನಲ್ಲಿರುವ ಕಾಲಂಗಳ ಸಂಖ್ಯೆ). ಯಾವುದನ್ನು ಎಲ್ಲಿ ಬೇಕಾದರೂ ಇಡಬಹುದು. 1950ಕ್ಕಿಂತ ಹಳೆಯವು ಮಾತ್ರ ಬೇಕೇ? ಒಂದು ಹೋಲಿಕೆ ಬರೆದರೆ ಆಯಿತು. ವರ್ಷಕ್ಕೆ ಎಷ್ಟು ಪುಸ್ತಕ ಅಂತ ಎಣಿಸಬೇಕೇ? ವರ್ಷವನ್ನೇ ಕೀ ಮಾಡಿ ಒಂದು ಅರೇ, ಅಂದರೆ ಪ್ರತಿ ವರ್ಷದ ಎದುರು ಒಂದು ಲೆಕ್ಕ ಇಡುವ ಪಟ್ಟಿ, ಇಟ್ಟರೆ ಸಾಕು. ಕಟ್ ಮತ್ತು ಸೆಡ್‌ನಲ್ಲಿ ಈ ಎಣಿಕೆ ಆಗುವ ಮಾತಲ್ಲ.

ಆದರೆ ಹೆಸರಿನ ಹತ್ತಿರ ಆಕ್ ನನ್ನನ್ನು ಸಾಕಷ್ಟು ಸತಾಯಿಸಿತು. ಹೆಸರಿನಲ್ಲಿ ಮೂರು ಪದ ಇದ್ದರೆ ಅದು ಮೂರು ಕಾಲಂ ಆಗುತ್ತದೆ. ಡಾಲರ್ 3 ಕೇಳಿದರೆ ಮೊದಲ ಪದ ಮಾತ್ರ. ಸರಿ, ನಂಬರು, ವರ್ಷ, ಪುಟ ಮೂರನ್ನೂ ಖಾಲಿ ಮಾಡಿ ಉಳಿದದ್ದನ್ನು ಪ್ರಿಂಟ್ ಮಾಡೋಣ ಅಂದರೆ ಮುಂದೆ ಎರಡು ಸ್ಪೇಸ್, ಹಿಂದೆ ಒಂದು ಸ್ಪೇಸ್ ಉಳಿದುಕೊಳ್ಳುತ್ತದೆ. ಕಡೆಗೆ 3ರಿಂದ ಎನ್‌ಎಫ್ ಮೈನಸ್ 1ರವರೆಗೆ ಒಂದೊಂದೇ ಕಾಲಂ ಎತ್ತಿಕೊಳ್ಳುವ ಒಂದು ಫಾರ್ ಲೂಪ್ ಬರೆದೆ. ಕೆಲಸ ಆಯಿತು. ಆದರೆ ಒಂದೇ ಸಾಲಿನಲ್ಲಿ ಓದಿಸಿಕೊಂಡು ಹೋಗುವ ಸೊಗಸು ಉಳಿಯಲಿಲ್ಲ.

ಇಲ್ಲೇ ಒಂದು ಗಂಟೆ ಕಳೆದ ಕಥೆಯನ್ನೂ ಹೇಳಬೇಕು. ಪರೀಕ್ಷೆಗೆ ಅಂತ ಪುಟ ಮೊದಲು, ವರ್ಷ ಆಮೇಲೆ ಪ್ರಿಂಟ್ ಮಾಡಿಸಿದೆ. ಪರದೆಯ ಮೇಲೆ ಬರೀ ವರ್ಷ. 248 ಮಾಯ. ಬರೆದದ್ದನ್ನು ಹತ್ತು ಸಲ ಓದಿದೆ, ತಪ್ಪು ಕಾಣಲಿಲ್ಲ. ಆಮೇಲೆ ಫೈಲಿನ ಮೊದಲ ಐದು ಸಾಲನ್ನು ಕ್ಯಾಟ್‌ಗೆ ಮೈನಸ್ ದೊಡ್ಡ ಎ ಕೊಟ್ಟು ನೋಡಿದೆ. ಫೈಲನ್ನು ತೋರಿಸುವ ಈ ಟೂಲು ಹೀಗೆ ಕೊಟ್ಟರೆ ಕಣ್ಣಿಗೆ ಕಾಣದ ಗುರುತುಗಳನ್ನೂ ತೋರಿಸುತ್ತದೆ. ಕನ್ನಡ ಅಕ್ಷರಗಳೆಲ್ಲ ಕಲಸುಮೇಲೋಗರ ಆದವು, ಅದು ಹಾಗೇ ಆಗುವುದು. ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಡಾಲರ್ ಗುರುತಿನ ಹಿಂದೆ ಒಂದು ಟೋಪಿ ಗುರುತು, ಪಕ್ಕದಲ್ಲಿ ಎಂ ಅಕ್ಷರ. ಅದೇ ಕ್ಯಾರೇಜ್ ರಿಟರ್ನ್. ವಿಂಡೋಸ್‌ನಲ್ಲಿ ಸೇವ್ ಮಾಡಿದ ಟೆಕ್ಸ್ಟ್ ಫೈಲಿನಲ್ಲಿ ಸಾಲಿನ ಕೊನೆಗೆ ಇದೊಂದು ಜಾಸ್ತಿ ಇರುತ್ತದೆ. ಅದು ಕೊನೆಯ ಕಾಲಂಗೆ, ಅಂದರೆ 248ರ ಬಾಲಕ್ಕೆ, ಅಂಟಿಕೊಂಡಿತ್ತು. ಟರ್ಮಿನಲ್ 248 ಬರೆದು, ಕರ್ಸರನ್ನು ಸಾಲಿನ ಶುರುವಿಗೆ ವಾಪಸ್ ತಂದು, ಅದರ ಮೇಲೆಯೇ ವರ್ಷ ಬರೆದುಬಿಡುತ್ತಿತ್ತು. ಟಿಆರ್‌ಗೆ ಮೈನಸ್ ಡಿ ಕೊಟ್ಟು ಆ ಅಕ್ಷರವನ್ನು ಅಳಿಸಿದ ಕೂಡಲೇ ಎಲ್ಲ ಸರಿಹೋಯಿತು. ಈಗ ಯಾವ ಫೈಲು ಬಂದರೂ ಮೊದಲ ಐದು ಸಾಲನ್ನು ಹೀಗೆ ನೋಡದೆ ಬೇರೆ ಏನನ್ನೂ ಟೈಪ್ ಮಾಡುವುದಿಲ್ಲ.

ಮೂರನೆಯದು ಸೆಡ್. ಯುನಿಕ್ಸ್‌ನ ಹಳೆಯ ಎಡಿಟರ್ ‘ಇಡಿ’ (ed) ಎಂಬುದರಿಂದ ಹುಟ್ಟಿದ್ದು. ಸಾಲುಗಳನ್ನು ಹುಡುಕಿ ಕೊಡುವ ಗ್ರೆಪ್ ಕೂಡ ಅದೇ ಮನೆಯ ಕೂಸು. ಹಾಗಾಗಿ ಸೆಡ್‌ಗೆ ಕಾಲಂ ಅನ್ನುವ ಕಲ್ಪನೆಯೇ ಇಲ್ಲ. ಅದಕ್ಕೆ ಸಾಲು ಅಂದರೆ ಒಂದು ಉದ್ದನೆಯ ಅಕ್ಷರದ ದಾರ. ಇದು ಕೊರತೆ ಅಂದುಕೊಂಡಿದ್ದೆ. ನನ್ನ ಪಟ್ಟಿಗೆ ಅದೇ ವರವಾಯಿತು. ಶುರುವಿನಲ್ಲಿ ಅಂಕಿಗಳು, ಆಮೇಲೆ ಸರಿಯಾಗಿ ನಾಲ್ಕು ಅಂಕಿ, ಸಾಲಿನ ಕೊನೆಯಲ್ಲಿ ಮತ್ತೆ ಅಂಕಿ, ನಡುವೆ ಏನೇ ಇದ್ದರೂ ಅದು ಹೆಸರು. ಹೀಗೆ ನಾಲ್ಕು ಗುಂಪಿನ ಒಂದು ಪ್ಯಾಟರ್ನ್ ಬರೆದು, ಬದಲಿ ಜಾಗದಲ್ಲಿ 2, 1, 4, 3 ಅಂತ ಕರೆದೆ. ಹೆಸರಿನಲ್ಲಿ ಎಷ್ಟು ಪದ ಇದ್ದರೂ ಒಂದೇ ಗುಂಪಾಗಿ ಬಂತು. ಲೂಪ್ ಬೇಡ, ಏನೂ ಬೇಡ. ಈ ಒಂದು ಕೆಲಸದಲ್ಲಿ ಸೆಡ್ ಆಕ್‌ಗಿಂತ ಮುಂದೆ ಅಂತ ನಾನು ಖಂಡಿತ ಹೇಳುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಪ್ಯಾಟರ್ನ್‌ಗೆ ಹೊಂದದ ಸಾಲನ್ನು ಸೆಡ್ ತುಟಿ ಬಿಚ್ಚದೆ ಇದ್ದಹಾಗೇ ದಾಟಿಸಿಬಿಡುತ್ತದೆ. ಆರು ಸಾವಿರದ ನಡುವೆ ಅಂಥವು ನಲವತ್ತಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಮೈನಸ್ ಎನ್ ಕೊಟ್ಟು, ಬದಲಾದ ಸಾಲನ್ನು ಮಾತ್ರ ಪಿ ಹಾಕಿ ಪ್ರಿಂಟ್ ಮಾಡಿಸಿ. ಜೊತೆಗೆ ಅದೇ ಪ್ಯಾಟರ್ನನ್ನು ಗ್ರೆಪ್‌ಗೆ ಮೈನಸ್ ವಿ ಜೊತೆ ಕೊಟ್ಟು, ಹೊಂದದ ಸಾಲುಗಳನ್ನು ಬೇರೆ ಫೈಲಿಗೆ ಹಾಕಿಕೊಳ್ಳಿ. ಎರಡು ಫೈಲಿನ ಸಾಲು ಕೂಡಿಸಿದರೆ ಮೂಲದ ಲೆಕ್ಕ ಬರಬೇಕು. ಬರದಿದ್ದರೆ ಎಲ್ಲೋ ಏನೋ ಬಿದ್ದುಹೋಗಿದೆ ಅಂತಲೇ.

ಇನ್ನೊಂದು: ಓದುವ ಫೈಲಿನ ಹೆಸರಿಗೇ ವಾಪಸ್ ಬರೆಯಬೇಡಿ. ನಾನು ಒಮ್ಮೆ ಹಾಗೆ ಮಾಡಿ ಫೈಲನ್ನೇ ಕಳೆದುಕೊಂಡಿದ್ದೇನೆ. ಕಮಾಂಡ್ ಓಡುವ ಮೊದಲೇ ಶೆಲ್ (ನಾವು ಟೈಪ್ ಮಾಡಿದ್ದನ್ನು ಓದಿ ಓಡಿಸುವ ಪ್ರೋಗ್ರಾಂ) ಆ ಫೈಲನ್ನು ಖಾಲಿ ಮಾಡಿರುತ್ತದೆ. ಸೆಡ್‌ನ ಮೈನಸ್ ಐ (ಫೈಲನ್ನು ಅಲ್ಲೇ ತಿದ್ದುವುದು) ಬಳಸುವುದಾದರೆ, ಅದಕ್ಕೆ ಅಂಟಿಸಿ ಬ್ಯಾಕಪ್‌ಗೆ ಒಂದು ಬಾಲ ಕೊಡಿ, -i.bak ಅಂತ. ಹಾಗೆ ಬರೆದರೆ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ನಡೆಯುತ್ತದೆ.

ಇಷ್ಟರವರೆಗೆ ಪಟ್ಟಿ ಯಾವ ಭಾಷೆಯದ್ದಾದರೂ ಮಾತು ಇದೇ. ಕನ್ನಡ ಅಂದ ಕೂಡಲೇ ಆಟವೇ ಬೇರೆ. ‘ಕನ್ನಡ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ನಂಬರು ಕೊಡುವ ಯುನಿಕೋಡ್ ಲೆಕ್ಕದಲ್ಲಿ ಐದು: ಕ, ನ, ಅರ್ಧಾಕ್ಷರ ಮಾಡುವ ವಿರಾಮದ ಗುರುತು (್), ಮತ್ತೊಂದು ನ, ಡ. ಆ ನಂಬರನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್ 8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಎಣಿಸುವ ಟೂಲಾದ ಡಬ್ಲ್ಯುಸಿಗೆ ಮೈನಸ್ ಸಿ ಕೊಟ್ಟರೆ 15, ಮೈನಸ್ ಎಂ ಕೊಟ್ಟರೆ 5. ನನ್ನ ಕಂಪ್ಯೂಟರಿನ ಕಟ್‌ಗೆ ಮೈನಸ್ ಸಿ ಕೊಟ್ಟು ಮೊದಲ ನಾಲ್ಕು ಅಕ್ಷರ ಕೇಳಿದೆ. ಅದು ನಾಲ್ಕು ಬೈಟ್ ಕೊಟ್ಟಿತು. ಅಂದರೆ ಒಂದು ಕ, ಅದರ ಮುಂದೆ ಒಡೆದ ಅಕ್ಷರದ ಪ್ರಶ್ನಾರ್ಥಕ ಚಿಹ್ನೆ. ಆಕ್‌ನಲ್ಲೂ ಒಂದೇ ಉತ್ತರ ಇಲ್ಲ. ಗಾಕ್, ಮಾಕ್ ಅಂತ ಅದರ ಬೇರೆ ಬೇರೆ ರೂಪಗಳಿವೆ. ಗಾಕ್‌ನಲ್ಲಿ ಉದ್ದ ಕೇಳಿದರೆ 5 ಬಂತು, ಮಾಕ್‌ನಲ್ಲಿ 15. ಕೆಲವು ಲಿನಕ್ಸ್‌ಗಳಲ್ಲಿ ಆಕ್ ಅಂತ ಟೈಪ್ ಮಾಡಿದರೆ ಓಡುವುದು ಮಾಕ್. ಯಾವುದು ಓಡುತ್ತಿದೆ ಅಂತ ಮೊದಲು ನೋಡಿಕೊಳ್ಳಿ.

ಅಂಕಿಗಳದ್ದೂ ಅದೇ ಕಥೆ. ಪಟ್ಟಿಯ ಕೆಲವು ಸಾಲಿನಲ್ಲಿ ವರ್ಷ ೧೯೮೭ ಅಂತ ಇತ್ತು. ಆಕ್‌ಗೆ ಅದು ಸಂಖ್ಯೆಯೇ ಅಲ್ಲ, ಕೂಡಿಸಲು ಹೋದರೆ ಸೊನ್ನೆ. ಟಿಆರ್‌ನಿಂದ ಬದಲಿಸಲು ಹೋದೆ, ಅದು ಬೈಟ್ ಬೈಟ್ ಬದಲಿಸಿ ಪಕ್ಕದ ಅಕ್ಷರಗಳನ್ನೂ ಕೆಡಿಸಿತು. ಸೆಡ್‌ನ ವೈ ಕಮಾಂಡ್‌ಗೆ ಒಂದು ಕಡೆ ೦ದಿಂದ ೯, ಇನ್ನೊಂದು ಕಡೆ 0ಯಿಂದ 9 ಬರೆದು ಕೊಟ್ಟೆ. ಒಂದು ಅಕ್ಷರವೂ ಕೆಡದೆ ಬದಲಾಯಿತು. ಈ ವೈ ಕಮಾಂಡ್ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ. ಕನ್ನಡದ ಫೈಲು ಹಿಡಿದು ಕೂರುವವರು ಇದನ್ನು ಕಲಿತೇ ಇರಬೇಕು.

ನಾಲ್ಕನೆಯದು ಪರ್ಲ್. 1987ರಲ್ಲಿ ಲ್ಯಾರಿ ವಾಲ್ ಬಿಡುಗಡೆ ಮಾಡಿದ ಭಾಷೆ. ಆಕ್ ಮತ್ತು ಸೆಡ್ ಎರಡರ ಕೆಲಸವನ್ನೂ ಮಾಡುತ್ತದೆ. ಕಾಲಂ ಒಡೆಯಲು ಮೈನಸ್ ಎ, ಗುಂಪು ಹಿಡಿಯಲು ಅದರದ್ದೇ ಬಲವಾದ ಪ್ಯಾಟರ್ನ್. ಯುಟಿಎಫ್ 8 ಓದಲು ಬರೆಯಲು ಮೈನಸ್ ಸಿಎಸ್‌ಡಿ ಅಂತ ಹೇಳಲೇಬೇಕು, ಮರೆತರೆ ಇದೂ ಬೈಟ್ ಲೆಕ್ಕಕ್ಕೇ ಬೀಳುತ್ತದೆ. ಹೇಳಿದ ಮೇಲೆ ಮಾತ್ರ ಬೇರೆ ಮೂರರಲ್ಲಿ ಇಲ್ಲದ ಒಂದು ಸೌಕರ್ಯ ಸಿಗುತ್ತದೆ. ಹಿಂದಕ್ಕೆ ವಾಲಿದ ಗೆರೆ, ಮುಂದೆ ದೊಡ್ಡ ಎಕ್ಸ್ ಬರೆದರೆ ಅಕ್ಷರ ಮತ್ತು ಅದರ ಕಾಗುಣಿತದ ಗುರುತು ಒಟ್ಟಿಗೆ ಸಿಗುತ್ತದೆ. ‘ಕೀ’ ಎಂಬುದು ಒಡೆಯುವುದಿಲ್ಲ. ಒತ್ತಕ್ಷರ ಮಾತ್ರ ನನ್ನಲ್ಲಿ ಒಡೆಯಿತು. ‘ಕನ್ನಡ’ಕ್ಕೆ ನಾಲ್ಕು ಬಂತು, ಮೂರಲ್ಲ. ಆದರೂ 15 ಮತ್ತು 5ಕ್ಕಿಂತ ಇದು ನಮ್ಮ ಓದಿಗೆ ಎಷ್ಟೋ ಹತ್ತಿರ, ಅಲ್ವಾ?

ಪರ್ಲ್‌ನ ಕಷ್ಟ ಅಂದರೆ ಆರು ತಿಂಗಳ ನಂತರ ನನ್ನ ಸಾಲನ್ನು ನಾನೇ ಬಿಡಿಸಿ ಓದಬೇಕಾಗುತ್ತದೆ. ಅದಕ್ಕೇ ಸಣ್ಣ ಕೆಲಸಕ್ಕೆ ಅದನ್ನು ಎಳೆದು ತರುವುದಿಲ್ಲ.

ಕಾಮಾ ಹಾಕಿದ ಸಿಎಸ್‌ವಿ ಫೈಲಾದರೆ ಈ ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಉದ್ಧರಣ ಚಿಹ್ನೆಯ ಒಳಗೆ ಒಂದು ಕಾಮಾ ಬಂದರೆ ಕಟ್, ಸಾದಾ ಆಕ್ ಎರಡೂ ತಪ್ಪು ಜಾಗದಲ್ಲಿ ಕತ್ತರಿಸುತ್ತವೆ. 2023ರಲ್ಲಿ ಬಂದ ಗಾಕ್ 5.3ರಲ್ಲಿ ಇದಕ್ಕೆಂದೇ ಸಿಎಸ್‌ವಿ ಆಯ್ಕೆ ಇದೆ. ಹಳೆಯದ್ದಿದ್ದರೆ ಮಿಲ್ಲರ್ ಎಂಬ ಟೂಲು ಹಾಕಿಕೊಳ್ಳಿ, ಕಾಲಂ ಹೆಸರಿನಿಂದಲೇ ಕೆಲಸ ನಡೆಯುತ್ತದೆ. ಪಿಡಿಎಫ್ ಆದರೆ ಮೊದಲು ಪಿಡಿಎಫ್‌ಟುಟೆಕ್ಸ್ಟ್, ಅದೂ ಲೇಔಟ್ ಆಯ್ಕೆಯ ಜೊತೆ. ಇಲ್ಲದಿದ್ದರೆ ಕಾಲಂಗಳು ಒಂದರೊಳಗೊಂದು ಸೇರಿಹೋಗುವುದೇ ಹೆಚ್ಚು. ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಇಟ್ಟದ್ದು) ಟೈಪಾದ ಕನ್ನಡ ಪಿಡಿಎಫ್ ಆಗಿದ್ದರೆ ಇಂಗ್ಲಿಷ್ ಅಕ್ಷರಗಳ ರಾಶಿ ಹೊರಗೆ ಬರುತ್ತದೆ. ಅದನ್ನು ಯುನಿಕೋಡ್‌ಗೆ ತಿರುಗಿಸುವವರೆಗೆ ಈ ನಾಲ್ಕರಲ್ಲಿ ಯಾವುದೂ ನೆರವಿಗೆ ಬರದು.

ಅಂದವಾಗಿ ಕಾಲಂ ಜೋಡಿಸಲು ಕಾಲಂ ಎಂಬ ಟೂಲಿಗೆ ಮೈನಸ್ ಟಿ ಕೊಟ್ಟು ನೋಡಿದೆ. ಅಂಕಿಗಳು ನೆಟ್ಟಗೆ ನಿಂತವು. ಕನ್ನಡದ ಹೆಸರಿನ ಮುಂದಿನ ಕಾಲಂ ಮಾತ್ರ ಅಲ್ಲಾಡಿತು. ಹೆಸರನ್ನು ಕೊನೆಗೆ ಇಡಬೇಕು ಅಂತ ಶುರುವಿನಲ್ಲೇ ಹಟ ಹಿಡಿದದ್ದು ಇದಕ್ಕೇ. ಕೊನೆಯಲ್ಲಿದ್ದರೆ ಅದರ ಅಗಲ ಯಾರನ್ನೂ ತಳ್ಳುವುದಿಲ್ಲ.

ಕಡೆಗೆ ನನ್ನ ಪೈಪ್ (ಒಂದು ಟೂಲಿನ ಉತ್ತರ ಮುಂದಿನದಕ್ಕೆ ಹರಿಯುವ ಸರಣಿ) ಹೀಗೆ ನಿಂತಿತು: ಟಿಆರ್‌ನಿಂದ ಕ್ಯಾರೇಜ್ ರಿಟರ್ನ್ ತೆಗೆದು, ಸೆಡ್‌ನ ವೈಯಿಂದ ಅಂಕಿ ಬದಲಿಸಿ, ಸೆಡ್‌ನಲ್ಲೇ ನಾಲ್ಕು ಗುಂಪು ಮಾಡಿ ಟ್ಯಾಬ್ ಹಾಕಿ, ವರ್ಷವಾರು ಎಣಿಕೆಗೆ ಆಕ್. ಹೊಂದದೆ ಉಳಿದ ಸಾಲುಗಳು ಬೇರೆ ಫೈಲಿನಲ್ಲಿ ಕಾಯುತ್ತಿದ್ದವು. ಕೆಲವಕ್ಕೆ ವರ್ಷವೇ ಇರಲಿಲ್ಲ, ಒಂದೆರಡಕ್ಕೆ ಎರಡು ವರ್ಷ ಇತ್ತು. ಅವನ್ನು ಎಡಿಟರಿನಲ್ಲಿ ತೆರೆದು ಒಂದೊಂದಾಗಿ ಕೈಯಲ್ಲೇ ಸರಿಮಾಡಿದೆ.